ಆ ಮರದ ಕೋಣೆಯ ಚಮ್ಮಾರ ನಿಜವಾಗಿ ಎಷ್ಟು ಜೋಡು ಹೊಲಿದ?

ಪ್ರಶ್ನೆ: ಮೇಷ್ಟ್ರೇ, ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೆ. ಶುಕ್ರವಾರ ಬಂತೆಂದರೆ ಅಳಿಯಂದಿರು 135ನೇ ನಂಬರಿನ ರಸ್ತೆ ಹಿಡಿದು ಆಶ್‌ಲ್ಯಾಂಡ್ ಊರಿನ ಲಕ್ಷ್ಮೀ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ನೇಟಿಕ್ ಅಂತ ಒಂದು ಊರು. ಅಲ್ಲಿ ರಸ್ತೆ ಪಕ್ಕದಲ್ಲೇ ನಮ್ಮ ಕಡೆಯ ಪೆಟ್ಟಿಗೆ ಅಂಗಡಿಗಿಂತ ಚೂರು ದೊಡ್ಡದಾದ ಹಳೇ ಮರದ ಕೋಣೆಯೊಂದನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅಳಿಯಂದಿರು ಹೇಳಿದ್ದು: "ಇಲ್ಲಿ ಜೋಡು ಹೊಲಿಯುತ್ತಿದ್ದವನು ಅಮೆರಿಕದ ಉಪಾಧ್ಯಕ್ಷನಾದ ಅತ್ತೆ, ಕೊನೆಗೆ ಬಚ್ಚಲಲ್ಲಿ ಸತ್ತ." ಇದು ನಿಜವೇ? ಇಲ್ಲಾ ನಮ್ಮ ಮಂತ್ರಿಗಳು ಪೊರಕೆ ಹಿಡಿದು ಫೋಟೊ ತೆಗೆಸಿಕೊಳ್ಳುವ ಹಾಗೆ ಅವನೂ ಒಂದು ದಿನ ಸುತ್ತಿಗೆ ಹಿಡಿದು ಕೂತಿದ್ದನೋ?
— ಓದುಗರೊಬ್ಬರು, ಹಾಸನ

ಉತ್ತರ: ತಾಯಿ, ನಿಮ್ಮ ಪ್ರಶ್ನೆ ಹೋದ ಸಂಚಿಕೆಯಲ್ಲೇ ಅಚ್ಚಾಗಿತ್ತು. ಉತ್ತರ ಮುಂದಿನ ಸಲ ಎಂದು ಬರೆದು ನಾನು ತಪ್ಪಿಸಿಕೊಂಡಿದ್ದೆ. ಸೋಮಾರಿತನದಿಂದಲ್ಲ. ನಮ್ಮಪ್ಪ ಚಿತ್ರದುರ್ಗದಲ್ಲಿ ಸಂತೆ ಬೀದಿಯ ತುದಿಗೆ ಕೂತು ಮೆಟ್ಟು ಹೊಲಿಯುತ್ತಿದ್ದರು. ಆ ಕಸುಬಿನವನೊಬ್ಬ ದೊಡ್ಡ ಕುರ್ಚಿ ಏರಿದ ಕಥೆಯನ್ನು ಯಾರಾದರೂ ಹೇಳಿದರೆ ನನಗೆ ಮೊದಲು ಅನುಮಾನ ಬರುತ್ತದೆ, ಹಿಂದೆಯೇ ಅದು ನಿಜವಾಗಿರಲಿ ಎಂಬ ಆಸೆಯೂ ಬರುತ್ತದೆ. ಎರಡನ್ನೂ ಪಕ್ಕಕ್ಕಿಟ್ಟು ಕೂರಲು ಒಂದು ತಿಂಗಳು ಬೇಕಾಯಿತು. ಅಷ್ಟರಲ್ಲಿ ನಿಮ್ಮ ಪ್ರಶ್ನೆ ಓದಿದವರಿಂದ ಇನ್ನೂ ಎರಡು ಪತ್ರ ಬಂದವು. ಅವನ್ನೂ ಕೆಳಗೆ ಸೇರಿಸಿದ್ದೇನೆ.

ನೀವು ನೋಡಿದ ಕೋಣೆ ಹೆನ್ರಿ ವಿಲ್ಸನ್ ಎಂಬವನದು. ಅಳಿಯಂದಿರು ಹೇಳಿದ್ದು ಮುಕ್ಕಾಲು ಪಾಲು ನಿಜ. ಬಚ್ಚಲಿನ ವಿಚಾರ ಕೊನೆಗೆ ಹೇಳುತ್ತೇನೆ.

ಹುಟ್ಟಿದಾಗ ಅವನ ಹೆಸರು ಹೆನ್ರಿ ವಿಲ್ಸನ್ ಆಗಿರಲಿಲ್ಲ. 1812ರ ಫೆಬ್ರವರಿ 16ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫಾರ್ಮಿಂಗ್ಟನ್ ಎಂಬ ಊರಿನಲ್ಲಿ ಹುಟ್ಟಿದ ಕೂಸಿಗೆ ಜೆರೆಮಯ ಜೋನ್ಸ್ ಕೋಲ್‌ಬಾತ್ ಎಂದು ಹೆಸರಿಟ್ಟರು. ಅದು ನೆರೆಮನೆಯ ಹಣವಂತನ ಹೆಸರು. ಆತ ಮದುವೆಯಾಗಿರಲಿಲ್ಲ, ಹೆಸರಿಟ್ಟರೆ ಮಗುವಿಗೆ ಏನಾದರೂ ಬಿಟ್ಟು ಹೋದಾನು ಎಂಬ ದೂರದಾಸೆ. ಕವಡೆಯೂ ಬರಲಿಲ್ಲ. ಅಪ್ಪ ಮರ ಕೊಯ್ಯುವ ಮಿಲ್ಲಿನ ಕೂಲಿ, ಕುಡುಕ. ಹತ್ತು ವರ್ಷಕ್ಕೇ ಹುಡುಗನನ್ನು ಒಬ್ಬ ರೈತನ ಮನೆಗೆ ಕರಾರು ಬರೆದು ಜೀತಕ್ಕಿಟ್ಟರು. ಇಪ್ಪತ್ತೊಂದು ತುಂಬುವವರೆಗೆ ದುಡಿತ. ಊಟ, ಬಟ್ಟೆ, ಚಳಿಗಾಲದಲ್ಲಿ ಒಂದು ತಿಂಗಳು ಶಾಲೆ. ಕರಾರು ಮುಗಿದ ದಿನ ಆರು ಕುರಿ, ಒಂದು ಜೊತೆ ಎತ್ತು. ಹನ್ನೊಂದು ವರ್ಷದ ದುಡಿಮೆಗೆ ಸಿಕ್ಕಿದ್ದು ಇಷ್ಟೇ. ಅವನ್ನು ಅವನು ತಕ್ಷಣ ಮಾರಿ 85 ಡಾಲರಿನ ಆಸುಪಾಸು ದುಡ್ಡು ಮಾಡಿಕೊಂಡ. ಅಲ್ಲಿಯವರೆಗೆ ಅವನ ಕೈಯಲ್ಲಿ ತನ್ನದು ಎನ್ನುವ ಒಂದು ಡಾಲರೂ ಓಡಾಡಿರಲಿಲ್ಲ.

ಓದು ಎಲ್ಲಿಂದ ಬಂತು ಎಂದರೆ, ಎಂಟು ವರ್ಷದ ಹುಡುಗನಾಗಿದ್ದಾಗ ಊರಿನ ಈಸ್ಟ್‌ಮನ್ ಎಂಬ ಹೆಂಗಸು "ಓದಲು ಬರುತ್ತದೇನೋ?" ಎಂದು ಕೇಳಿ ಒಂದು ಹೊಸ ಒಡಂಬಡಿಕೆಯ ಪ್ರತಿ ಕೈಗಿಟ್ಟಳು. ಒಂದು ವಾರದಲ್ಲಿ ಓದಿ ಮುಗಿಸಿ ವಾಪಸು ತಂದ. ಮುಂದೆ ಆ ಮನೆಯ ಕಪಾಟು ಅವನಿಗೆ ತೆರೆದೇ ಇತ್ತು. ಜೀತ ಮುಗಿಯುವ ಹೊತ್ತಿಗೆ ಸಾವಿರದ ಹತ್ತಿರ ಪುಸ್ತಕ ಓದಿದ್ದ ಎನ್ನುತ್ತಾರೆ. ದಿನವೆಲ್ಲ ಹೊಲದ ಕೆಲಸ, ಓದು ರಾತ್ರಿ ಒಲೆಯ ಬೆಳಕಿಗೆ.

ಇಪ್ಪತ್ತೊಂದಾದ ಕೂಡಲೇ ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಅಪ್ಪ ಆಸೆಗೆ ಇಟ್ಟ ಹೆಸರನ್ನು ಕಿತ್ತು ಹಾಕಿದ್ದು. ಅದಕ್ಕೆ ರಾಜ್ಯದ ಶಾಸನಸಭೆಯೇ ಒಪ್ಪಬೇಕಿತ್ತು, 1833ರಲ್ಲಿ ಒಪ್ಪಿತು. ಹೆನ್ರಿ ವಿಲ್ಸನ್ ಆಗಿ, ಗಂಟು ಕಟ್ಟಿಕೊಂಡು, ನೂರು ಮೈಲಿಗೂ ಹೆಚ್ಚು ನಡೆದು, ಆ ವರ್ಷದ ಡಿಸೆಂಬರಿನ ಚಳಿಯಲ್ಲಿ ನೇಟಿಕ್ ಸೇರಿದ. ಅಲ್ಲಿ ಜೋಡಿನ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂದು ಕೇಳಿದ್ದ.

ಈಗ ಕೋಣೆಯೊಳಕ್ಕೆ ಬನ್ನಿ. ಅಂಥ ಕೋಣೆಗೆ ಅವರು "ಟೆನ್-ಫುಟರ್" ಎನ್ನುತ್ತಿದ್ದರು. ಉದ್ದಗಲ ಹತ್ತು ಹತ್ತು ಅಡಿ, ಕೆಲವು ಸ್ವಲ್ಪ ಹೆಚ್ಚು. ಆ ಸೀಮೆಯಲ್ಲಿ ಮನೆ ಹಿತ್ತಲಿಗೊಂದು ಹೀಗೆ ಇರುತ್ತಿತ್ತು. ಒಳಗೆ ಒಂದು ಒಲೆ, ಗೋಡೆಗುಂಟ ಕುಳ್ಳ ಮಣೆಗಳು, ನಾಲ್ಕಾರು ಗಂಡಸರು. ಚರ್ಮ ಕತ್ತರಿಸುವುದು ಸಾಹುಕಾರನ ಉಗ್ರಾಣದಲ್ಲಿ. ಕತ್ತರಿಸಿದ ಮೇಲುಭಾಗವನ್ನು ಹೆಂಗಸರು ಮನೆಗೆ ಒಯ್ದು ಹೊಲಿದು ಕೊಡುತ್ತಿದ್ದರು. ಅದಕ್ಕೆ ಅಟ್ಟೆ ಕೂರಿಸುವ ಕೆಲಸ ಈ ಕೋಣೆಯದು. ನೆನೆಹಾಕಿದ ಅಟ್ಟೆಯನ್ನು ತೊಡೆಯ ಮೇಲಿನ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಗಟ್ಟಿ ಮಾಡಬೇಕು. ಮೇಲುಭಾಗವನ್ನು ಮರದ ಅಚ್ಚಿನ ಮೇಲೆ ಎಳೆದು ಬಿಗಿಯಬೇಕು. ಉಳಿಯಿಂದ ಸಾಲಾಗಿ ತೂತು ಹಾಕಬೇಕು. ಒಳ್ಳೆಯ ಜೋಡಾದರೆ ಮೇಣ ಸವರಿದ ದಾರ, ದಾರದ ತುದಿಗೆ ಸೂಜಿಯ ಬದಲು ಹಂದಿಯ ಬಿರುಗೂದಲು. ಅಗ್ಗದ ಜೋಡಾದರೆ ತೂತಿಗೆ ಸಣ್ಣ ಮರದ ಮೊಳೆ ಬಡಿದರೆ ಆಯಿತು. ಆ ಮೊಳೆ ನೀರು ಕುಡಿದು ಉಬ್ಬಿ ತಾನೇ ಬಿಗಿಯಾಗುತ್ತದೆ. ನೇಟಿಕ್‌ನಲ್ಲಿ ಮಾಡುತ್ತಿದ್ದದ್ದು ಹೆಚ್ಚಾಗಿ ಇಂಥವೇ, ಬ್ರೋಗನ್ ಎಂಬ ಒರಟು ದುಡಿಮೆಯ ಜೋಡು. ಆ ಕಾಲದ ಅಗ್ಗದ ಜೋಡುಗಳಲ್ಲಿ ಎಷ್ಟೋ ಜೊತೆಗೆ ಎಡ ಬಲ ಎಂಬ ಭೇದವೂ ಇರುತ್ತಿರಲಿಲ್ಲ. ಯಾವ ಕಾಲಿಗೆ ಯಾವುದನ್ನು ಹಾಕಿದರೂ ಸರಿ, ಎರಡೂ ಕಚ್ಚುತ್ತಿದ್ದವು.

ವಿಲ್ಸನ್ ಕೆಲಸ ಕಲಿತದ್ದು ಲೆಗ್ರೋ ಎಂಬವನ ಕೈಕೆಳಗೆ. ಐದು ತಿಂಗಳು ಸಂಬಳವಿಲ್ಲದೆ ದುಡಿಯುತ್ತೇನೆ, ವಿದ್ಯೆ ಹೇಳಿಕೊಡು ಎಂದು ಮಾತಾಗಿತ್ತು. ಏಳೇ ವಾರಕ್ಕೆ ಕೈ ಕುದುರಿತು. 15 ಡಾಲರ್ ಎಣಿಸಿ ಕೊಟ್ಟು ಕರಾರಿನಿಂದ ಬಿಡಿಸಿಕೊಂಡು ಸ್ವಂತಕ್ಕೆ ಕೂತ. ಹನ್ನೊಂದು ವರ್ಷ ಒಬ್ಬನ ಮನೆಯಲ್ಲಿ ದಿನ ಎಣಿಸಿದವನಿಗೆ ಇನ್ನು ಮೂರು ತಿಂಗಳು ಎಣಿಸುವ ತಾಳ್ಮೆ ಉಳಿದಿರಲಿಲ್ಲ ಎಂದು ನಾನು ತಿಳಿದಿದ್ದೇನೆ.

ನೀವು ಕೇಳಿದ ಪೊರಕೆ-ಫೋಟೊ ಪ್ರಶ್ನೆಗೆ ಉತ್ತರ ಇಲ್ಲಿದೆ. ನಿದ್ದೆ ಮಾಡದೆ ಒಂದೇ ಕೂರಿಕೆಗೆ 50 ಜೊತೆ ಮುಗಿಸುತ್ತೇನೆ ಎಂದು ಒಮ್ಮೆ ಹಟ ತೊಟ್ಟನಂತೆ. 47 ಜೊತೆ ಮುಗಿದು 48ನೆಯದರ ಒಂದು ಕಾಲು ಆಗಿತ್ತು, ಮಣೆಯ ಮೇಲೇ ನಿದ್ದೆ ಹೋದ. ಲೆಕ್ಕದಲ್ಲಿ ನಲವತ್ತೇಳೂವರೆ ಜೊತೆ. ಈ ಅರ್ಧ ಜೊತೆಯಿಂದಾಗಿಯೇ ನಾನು ಕಥೆಯನ್ನು ನಂಬುತ್ತೇನೆ. ಸುಳ್ಳು ಹೇಳುವವನು 50 ಎಂದೇ ಹೇಳುತ್ತಿದ್ದ. ನಮ್ಮಪ್ಪ ಚರ್ಮ ಕತ್ತರಿಸುವುದರಿಂದ ಹಿಡಿದು ಎಣ್ಣೆ ಸವರುವವರೆಗೆ ಎಲ್ಲ ಒಬ್ಬರೇ ಮಾಡಿದರೆ ದಿನಕ್ಕೆ ಎರಡು ಜೊತೆ. ಇಲ್ಲಿ ಮೇಲುಭಾಗ ಹೊಲಿದು ಬಂದಿರುತ್ತದೆ, ಅಟ್ಟೆಗೆ ಮರದ ಮೊಳೆ. ಎರಡು ದಿನದ ಮೇಲೆ ಚೂರು, ರಾತ್ರಿಗಳೂ ಸೇರಿ ಎಂದರೆ ಆಗದ ಮಾತೇನಲ್ಲ. ಬೆರಳು ಮಾತ್ರ ವಾರಗಟ್ಟಲೆ ಮಡಿಸಲು ಬಂದಿರಲಿಕ್ಕಿಲ್ಲ.

ಹೀಗೆ ಅವನು ಹೊಲಿದದ್ದು ನಿಜ. ಆದರೆ ಎಷ್ಟು ಕಾಲ? ಎರಡು ವರ್ಷ ಚಿಲ್ಲರೆ. 1836ರಲ್ಲಿ ಕೆಮ್ಮಿದರೆ ರಕ್ತ ಬರುವಂತಾಯಿತು. ಬಗ್ಗಿ ಕೂತು ಎದೆ ಹಾಳಾಗಿದೆ, ಹವೆ ಬದಲಿಸು ಎಂದರು. ಕೂಡಿಟ್ಟ ದುಡ್ಡಿನಲ್ಲಿ ವಾಷಿಂಗ್ಟನ್ ನೋಡಲು ಹೊರಟ. ದಾರಿಯಲ್ಲಿ ಮೇರಿಲ್ಯಾಂಡಿನ ಹೊಲಗಳಲ್ಲಿ ಗುಲಾಮರು ದುಡಿಯುವುದನ್ನು ಕಂಡ. ರಾಜಧಾನಿಯಲ್ಲಿ, ಸಂಸತ್ತು ಕೂರುವ ಕ್ಯಾಪಿಟಲ್ ಭವನಕ್ಕೆ ಅಷ್ಟೇನೂ ದೂರವಿಲ್ಲದ ಕಡೆ, ಗುಲಾಮರನ್ನು ಮಾರುವ ತನಕ ಕೂಡಿಡುವ ದೊಡ್ಡಿ. ಗಂಡನೊಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಹೋಗುವ ವ್ಯಾಪಾರ. ಅವನೂ ಕರಾರಿನಲ್ಲಿ ದುಡಿದವನೇ. ಆದರೆ ಅವನ ಕರಾರಿಗೊಂದು ಕೊನೆಯ ದಿನವಿತ್ತು, ಆರು ಕುರಿ ಇತ್ತು, ಹೆಸರು ಬದಲಿಸಿಕೊಂಡು ನಡೆದು ಹೋಗಲು ರಸ್ತೆ ಇತ್ತು.

ಊರಿಗೆ ಬಂದು ಸ್ವಲ್ಪ ಕಾಲ ಶಾಲೆ ಕಲಿತ, ಸ್ವಲ್ಪ ಕಾಲ ಕಲಿಸಿದ. ಕೂಡಿಟ್ಟದ್ದನ್ನು ಒಬ್ಬನಿಗೆ ಸಾಲ ಕೊಟ್ಟು ಕಳೆದುಕೊಂಡ. 1838ರಲ್ಲಿ ಕೈಯಲ್ಲಿ ಉಳಿದಿದ್ದ 12 ಡಾಲರಿನಿಂದ ಜೋಡಿನ ವ್ಯಾಪಾರ ಶುರು ಮಾಡಿದ. ಹತ್ತು ವರ್ಷದೊಳಗೆ ನೂರರ ಹತ್ತಿರ ಆಳುಗಳ ಸಾಹುಕಾರ. ಇಲ್ಲಿಂದ ಮುಂದೆ ಅವನನ್ನು ಚಮ್ಮಾರ ಎಂದರೆ ನಮ್ಮಪ್ಪ ಒಪ್ಪುತ್ತಿರಲಿಲ್ಲ. "ಮಣೆ ಮೇಲೆ ಕೂತರೆ ಕಸುಬುದಾರ, ಗಲ್ಲಾ ಮೇಲೆ ಕೂತರೆ ಸೇಟು" ಎನ್ನುತ್ತಿದ್ದರು.

ಆದರೂ ಆ ಹೆಸರು ಅಂಟಿತು, ಅಂಟಿಸಿಕೊಂಡವನೂ ಅವನೇ. 1840ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಿಗ್ ಪಕ್ಷದ ಪರವಾಗಿ ಊರೂರಲ್ಲಿ ಭಾಷಣ ಮಾಡುವಾಗ "ನೇಟಿಕ್ ಚಮ್ಮಾರ" (ಅವರ ಮಾತಿನಲ್ಲಿ "ಕಾಬ್ಲರ್") ಎಂದೇ ಪರಿಚಯ. ಜನ ಮುಗಿಬಿದ್ದು ಕೇಳಿದರು. ಆ ವರ್ಷವೇ ಮ್ಯಾಸಚೂಸೆಟ್ಸ್ ವಿಧಾನಸಭೆಗೆ ಗೆದ್ದ. ಕಸುಬಿನವರ ಲೆಕ್ಕದಲ್ಲಿ ಆ ಹೆಸರೂ ತಪ್ಪು: ಅವರ ಮಾತಿನಲ್ಲಿ ಹರಿದದ್ದನ್ನು ರಿಪೇರಿ ಮಾಡುವವನು ಬೇರೆ, ಹೊಸದು ಕಟ್ಟುವವನು ಬೇರೆ. ವಿಲ್ಸನ್ ಹೊಸದು ಕಟ್ಟಿದವನು, ಅಂಟಿದ್ದು ರಿಪೇರಿಯವನ ಹೆಸರು. ಓಟು ತರುವ ತಪ್ಪನ್ನು ಯಾರು ತಿದ್ದುತ್ತಾರೆ?

ತಾಯಿ, ಇಲ್ಲಿ ಒಂದು ಮಾತು ಹೇಳದಿದ್ದರೆ ಉತ್ತರ ಸುಳ್ಳಾಗುತ್ತದೆ. ನಾವು "ಚಮ್ಮಾರ ಉಪಾಧ್ಯಕ್ಷನಾದ" ಎಂದು ಕೇಳಿದಾಗ ಬೆರಗಾಗುವುದು ಬಡತನಕ್ಕಲ್ಲ, ಜಾತಿಗೆ. ನನ್ನನ್ನು ಶಾಲೆಯಲ್ಲಿ ಅಪ್ಪನ ಕಸುಬಿನ ಹೆಸರು ಹಿಡಿದು ಕರೆದರೆ ಅದು ಪರಿಚಯವಾಗಿರಲಿಲ್ಲ, ಕಲ್ಲು. ನೇಟಿಕ್‌ನಲ್ಲಿ ಆ ಮಾತು ಚುನಾವಣೆಯ ಬಾವುಟ. ಅಲ್ಲಿ ರೈತನ ಮಗ ಚಳಿಗಾಲಕ್ಕೆ ಜೋಡು ಹೊಲಿದು ಬೇಸಿಗೆಗೆ ಹೊಲಕ್ಕೆ ಹೋಗುತ್ತಿದ್ದ. ಏಳು ವಾರಕ್ಕೆ ಕಲಿತು, 15 ಡಾಲರ್ ಕೊಟ್ಟು ಎದ್ದು ಬರಬಹುದಾದ ಕಸುಬು ಅದು. ಆ ದೇಶದಲ್ಲಿ ದಾಟಲಾಗದ ಗೋಡೆ ಕಟ್ಟಿದ್ದು ಚರ್ಮದ ಕೆಲಸಕ್ಕಲ್ಲ, ಚರ್ಮದ ಬಣ್ಣಕ್ಕೆ. ಆ ಗೋಡೆಯ ಸರಿಯಾದ ಪಕ್ಕದಲ್ಲಿ ಹುಟ್ಟಿದ್ದೇನೆ ಎಂಬುದು ವಿಲ್ಸನ್‌ಗೆ ಗೊತ್ತಿತ್ತು.

ಏಕೆಂದರೆ ನೇಟಿಕ್‌ನ ಬ್ರೋಗನ್‌ಗಳು ಹೋಗುತ್ತಿದ್ದದ್ದು ಎಲ್ಲಿಗೆ? ದಕ್ಷಿಣದ ರಾಜ್ಯಗಳಿಗೂ. ಹತ್ತಿ ತೋಟದ ಯಜಮಾನರು ಗುಲಾಮರಿಗೆ ತೊಡಿಸಲು ಗಟ್ಟುಗಟ್ಟಲೆ ಕೊಳ್ಳುತ್ತಿದ್ದ ಜೋಡು ಅದೇ. ಗುಲಾಮಗಿರಿಯನ್ನು ಬೈಯುವ ಭಾಷಣ, ಗುಲಾಮರ ಕಾಲಿಗೆ ಹೋಗುವ ಜೋಡು, ಎರಡೂ ಒಂದೇ ಊರಿನದು. ದಕ್ಷಿಣದ ಒಬ್ಬ ವ್ಯಾಪಾರಿ ದಿವಾಳಿಯಾಗಿ, ಕೊಡಬೇಕಾದ್ದರಲ್ಲಿ ರೂಪಾಯಿಗೆ ಎಂಟಾಣೆ ಲೆಕ್ಕದಲ್ಲಿ ತೀರಿಸುತ್ತೇನೆಂದು ಬರೆದನಂತೆ. ಅವನ ಆಸ್ತಿಯಲ್ಲಿ ಗುಲಾಮರೂ ಇದ್ದಾರೆ, ಅವರನ್ನೂ ಮಾರಿ ಕೊಡುತ್ತಾನೆ ಎಂದು ತಿಳಿದಾಗ ವಿಲ್ಸನ್ ಆ ಸಾಲವನ್ನೇ ಬಿಟ್ಟುಬಿಟ್ಟ ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ದೊಡ್ಡ ಮನಸ್ಸೇ. ಆದರೆ ಅದಕ್ಕೆ ಮುಂಚೆ ಬಂದ ದುಡ್ಡು ಯಾವ ಬೆವರಿನದು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅವನನ್ನೂ ಬಿಟ್ಟಿರಲಿಕ್ಕಿಲ್ಲ.

ಪ್ರಶ್ನೆ: ಚಮ್ಮಾರ, ಬಡವ, ಜೀತ ಎಲ್ಲ ಸರಿ. ಗೆದ್ದ ಮೇಲೆ ಶಾಸನಸಭೆಯಲ್ಲಿ ಕೂತು ಮಾಡಿದ್ದೇನು? ಒಂದು ವಾಕ್ಯದಲ್ಲಿ ಹೇಳಿ ಸಾರ್.
— ಪದವಿ ವಿದ್ಯಾರ್ಥಿ, ತುಮಕೂರು

ಉತ್ತರ: ಒಂದು ವಾಕ್ಯ ಬೇಕಿದ್ದರೆ ಗೈಡ್ ಪುಸ್ತಕ ಕೊಂಡುಕೋ ಮಗು. ಇಲ್ಲಿ ಬಂದಿದ್ದೀಯ, ಕೂತು ಕೇಳು.

ರಾಜ್ಯದ ಎರಡೂ ಸದನಗಳಲ್ಲಿ ಇದ್ದ, 1851 ಮತ್ತು 1852ರಲ್ಲಿ ರಾಜ್ಯದ ಸೆನೆಟ್‌ನ ಅಧ್ಯಕ್ಷನೂ ಆಗಿದ್ದ. ಅದಕ್ಕೂ ಮುಂಚೆ, 1845ರಲ್ಲಿ, ಗುಲಾಮಗಿರಿ ಇರುವ ಟೆಕ್ಸಸ್ಸನ್ನು ದೇಶಕ್ಕೆ ಸೇರಿಸಿಕೊಳ್ಳಬಾರದೆಂದು 60,000 ಜನ ಸಹಿ ಮಾಡಿದ ಮನವಿಯನ್ನು ವಾಷಿಂಗ್ಟನ್‌ಗೆ ಹೊತ್ತು ಹೋದವರು ಇಬ್ಬರು. ಒಬ್ಬ ವಿಲ್ಸನ್, ಇನ್ನೊಬ್ಬ ವಿಟ್ಟಿಯರ್ ಎಂಬ ಕವಿ. ಈ ಕವಿಯೂ ಹುಡುಗನಾಗಿದ್ದಾಗ ಓದಿನ ಖರ್ಚಿಗೆ ಜೋಡು ಹೊಲಿದವನೇ. ಮನವಿ ಕಸದ ಬುಟ್ಟಿಗೆ ಹೋಯಿತು, ಟೆಕ್ಸಸ್ ಸೇರಿತು.

1855ರಲ್ಲಿ ಅವನು ಅಮೆರಿಕದ ಸೆನೆಟ್‌ಗೆ ಹೋದ. ಮರುವರ್ಷ ಮೇ 22ರಂದು ಅವನ ರಾಜ್ಯದವನೇ ಆದ ಸಮ್ನರ್ ಎಂಬ ಸೆನೆಟರನನ್ನು ದಕ್ಷಿಣ ಕೆರೊಲಿನದ ಸಂಸದ ಬ್ರೂಕ್ಸ್ ಸದನದ ಒಳಗೇ, ಮೇಜಿನ ಮುಂದೆ ಕೂತಿದ್ದವನನ್ನು ಕೈಕೋಲಿನಿಂದ ಪ್ರಜ್ಞೆ ತಪ್ಪುವಂತೆ ಬಡಿದ. ಗುಲಾಮಗಿರಿಯ ವಿರುದ್ಧ ಆಡಿದ ಭಾಷಣಕ್ಕೆ ಸಿಕ್ಕ ಉತ್ತರ ಅದು. ವಿಲ್ಸನ್ ಎದ್ದು ನಿಂತು ಇದು ಕ್ರೂರ, ಕೊಲೆಗಡುಕ, ಹೇಡಿ ಕೆಲಸ ಎಂದ. ಬ್ರೂಕ್ಸ್ ದ್ವಂದ್ವಯುದ್ಧಕ್ಕೆ ಕರೆ ಕಳಿಸಿದ. ಪಿಸ್ತೂಲು ಹಿಡಿದು ಎದುರುಬದುರು ನಿಲ್ಲುವುದು ಕಾಡು ಕಾಲದ ಪದ್ಧತಿ, ನಾನು ಬರುವುದಿಲ್ಲ, ಮೇಲೆ ಬಿದ್ದರೆ ಮಾತ್ರ ನನ್ನನ್ನು ನಾನು ಕಾಯ್ದುಕೊಳ್ಳಬಲ್ಲೆ ಎಂದು ಇವನು ಉತ್ತರ ಬರೆದ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಿನ 1858ರ ಮಾರ್ಚ್ 20. ಅದಕ್ಕೆ ಹದಿನಾರು ದಿನ ಮುಂಚೆ ದಕ್ಷಿಣ ಕೆರೊಲಿನದ ಸೆನೆಟರ್ ಹ್ಯಾಮಂಡ್ ಒಂದು ಭಾಷಣ ಮಾಡಿದ್ದ. ಅದರ ತಿರುಳು: ಪ್ರತಿ ಸಮಾಜಕ್ಕೂ ಕೆಸರಲ್ಲಿ ಹೂತು ಮನೆಯ ಭಾರ ಹೊರಿಸುವ ಅಡಿದಿಮ್ಮಿಯಂಥ ಒಂದು ವರ್ಗ ಬೇಕು, ನಮ್ಮಲ್ಲಿ ಗುಲಾಮರಿದ್ದಾರೆ, ನಿಮ್ಮ ಉತ್ತರದಲ್ಲಿ ಕೂಲಿಯವರಿದ್ದಾರೆ, ಕೈ ದುಡಿಮೆಯ ನಿಮ್ಮ ಕೂಲಿಯವರೂ ಗುಲಾಮರೇ. ವಿಲ್ಸನ್ ಎದ್ದ. ನಾನು ಕೈ ದುಡಿಮೆಯ ಕೂಲಿಯವನ ಮಗ, ನಾನೂ ಕೈ ದುಡಿಮೆಯ ಕೂಲಿಯವನಾಗಿದ್ದೆ ಎಂದು ಹ್ಯಾಮಂಡನ ಮಾತನ್ನೇ ಎತ್ತಿಕೊಂಡು ಹೇಳಿದ. ನನ್ನ ಹುಟ್ಟಿದ ಮನೆಯ ಮೇಲೆ ಬಡತನದ ನೆರಳಿತ್ತು ಎಂದ. ಎಷ್ಟು ವರ್ಷದಿಂದ ಓಟಿಗೆಂದು ಬಳಸಿದ ಆ ಚಮ್ಮಾರ ಎಂಬ ಹೆಸರು ಆವತ್ತು ನಿಜಕ್ಕೂ ಅವನದಾಯಿತು ಎಂದು ನನಗನ್ನಿಸುತ್ತದೆ. ಹಾಸನದ ತಾಯಿಗೆ ಅವನು ಸೇಟು ಎಂದೆನಲ್ಲ, ಅದನ್ನು ಇಷ್ಟರಮಟ್ಟಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಸೆನೆಟ್‌ನ ಸೇನಾ ಸಮಿತಿಯ ಅಧ್ಯಕ್ಷ ಅವನೇ. ಮೊದಲ ದೊಡ್ಡ ಕದನ, 1861ರ ಜುಲೈನ ಬುಲ್ ರನ್, ರಾಜಧಾನಿಗೆ ಸಮೀಪದಲ್ಲೇ ನಡೆಯಿತು. ಗೆದ್ದೇ ಗೆಲ್ಲುತ್ತೇವೆಂದು ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ವಿಲ್ಸನ್ ಕುದುರೆಗಾಡಿಯಲ್ಲಿ ಸ್ಯಾಂಡ್‌ವಿಚ್ ತುಂಬಿಕೊಂಡು ಹೋಗಿ ಸಿಪಾಯಿಗಳಿಗೆ ಹಂಚುತ್ತಿದ್ದ. ಅಷ್ಟರಲ್ಲಿ ಇವರ, ಅಂದರೆ ಉತ್ತರದ, ಸೈನ್ಯ ದಿಕ್ಕಾಪಾಲಾಗಿ ಓಡತೊಡಗಿತು. ಫಿರಂಗಿ ಗುಂಡು ಬಿದ್ದು ಗಾಡಿ ಚೂರಾಯಿತು. ಸೇನಾ ಸಮಿತಿಯ ಅಧ್ಯಕ್ಷರು ದಿಕ್ಕಿಲ್ಲದೆ ಅಲೆಯುತ್ತಿದ್ದ ಒಂದು ಹೇಸರಗತ್ತೆ ಹತ್ತಿಕೊಂಡು ವಾಷಿಂಗ್ಟನ್ ಸೇರಿದರು.

ನೀನು ಪರೀಕ್ಷೆಗೆ ನೆನಪಿಡಬೇಕಾದ್ದು ಇದು: 1836ರಲ್ಲಿ ಆ ದೊಡ್ಡಿ ನೋಡಿದ್ದನಲ್ಲ, ಅದೇ ರಾಜಧಾನಿಯಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಮಸೂದೆಯನ್ನು 1861ರ ಡಿಸೆಂಬರ್‌ನಲ್ಲಿ ಮಂಡಿಸಿದವನು ಅವನು. 1862ರ ಏಪ್ರಿಲ್ 16ರಂದು ಲಿಂಕನ್ ಸಹಿ ಹಾಕಿದ. ಲಿಂಕನ್ನನ ಪ್ರಸಿದ್ಧ ವಿಮೋಚನಾ ಘೋಷಣೆ ಜಾರಿಗೆ ಬರಲು ಇನ್ನೂ ಎಂಟೂವರೆ ತಿಂಗಳಿತ್ತು. ಸುಮಾರು 3,100 ಜನ ಬಿಡುಗಡೆಯಾದರು. ಪರಿಹಾರ? ಒಬ್ಬೊಬ್ಬರಿಗೆ ಸರಾಸರಿ 300 ಡಾಲರ್ ಮೀರದಂತೆ, ಯಜಮಾನರಿಗೆ. ದುಡಿದವರಿಗೆ ದೇಶ ಬಿಟ್ಟು ಹೋಗುವುದಾದರೆ 100 ಡಾಲರ್‌ವರೆಗೆ, ಉಳಿಯುವುದಾದರೆ ಏನೂ ಇಲ್ಲ. ವಿಲ್ಸನ್‌ಗೆ ಆರು ಕುರಿಯಾದರೂ ಸಿಕ್ಕಿದ್ದವು.

ಇನ್ನೊಂದು ಸೇರಿಸುತ್ತೇನೆ. ಕಪ್ಪು ಸಿಪಾಯಿಗೆ ತಿಂಗಳಿಗೆ 10 ಡಾಲರ್, ಅದರಲ್ಲಿ ಬಟ್ಟೆಯ ಬಾಬ್ತು 3 ಕಡಿತ, ಕೈಗೆ 7. ಬಿಳಿ ಸಿಪಾಯಿಗೆ 13. ಒಂದೇ ಗುಂಡಿಗೆ ಎದೆ ಕೊಡುವವರಿಗೆ ಎರಡು ಸಂಬಳ ಏಕೆ ಎಂದು ಸದನದಲ್ಲಿ ಹಿಡಿದು ಕೂತವರಲ್ಲಿ ಸೇನಾ ಸಮಿತಿಯ ಈ ಅಧ್ಯಕ್ಷನೂ ಒಬ್ಬ. 1864ರ ಜೂನ್‌ನಲ್ಲಿ ಸಂಬಳ ಸಮ ಮಾಡುವ ಕಾನೂನು ಬಂತು.

ಪ್ರಶ್ನೆ: ನಲವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು ನಾನು. ಇಷ್ಟು ಕಾಲ ಅಧಿಕಾರದಲ್ಲಿದ್ದ ಮನುಷ್ಯನ ಪುಸ್ತಕದಲ್ಲಿ ಒಂದಾದರೂ ಕೆಂಪು ಗೆರೆ ಇರಬೇಕಲ್ಲ ಮಾಸ್ತರ?
— ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ

ಉತ್ತರ: ಅದಾವ್ರಿ ಸಾಹೇಬ್ರ, ಎರಡು ಅದಾವು.

ಮೊದಲನೆಯದು ಸೆನೆಟ್‌ಗೆ ಹೋದ ರೀತಿ. ಆಗ ಸೆನೆಟರನ್ನು ಜನ ಆರಿಸುತ್ತಿರಲಿಲ್ಲ, ರಾಜ್ಯದ ಶಾಸಕರು ಆರಿಸುತ್ತಿದ್ದರು. 1854ರ ಚುನಾವಣೆಯಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯನ್ನು ಗುಡಿಸಿ ಗೆದ್ದದ್ದು "ನೋ-ನಥಿಂಗ್" ಎಂಬ ಪಕ್ಷ. ಗುಟ್ಟಿನ ಕೂಟ; ಏನು ಕೇಳಿದರೂ "ನನಗೇನೂ ಗೊತ್ತಿಲ್ಲ" ಎನ್ನಬೇಕು, ಅದಕ್ಕೇ ಆ ಹೆಸರು. ಹೊರಗಿನಿಂದ ಬಂದವರು, ಅದರಲ್ಲೂ ಐರಿಷ್ ಕ್ಯಾಥೊಲಿಕರು, ನಮ್ಮ ಅನ್ನ ಕಸಿಯುತ್ತಿದ್ದಾರೆ ಎಂಬುದು ಅವರ ಕೂಗು. ವಿಲ್ಸನ್ ಆ ಕೂಟ ಸೇರಿದ, ಅವರ ಓಟಿನಿಂದಲೇ ಸೆನೆಟರ್ ಆದ. ಮುಂದಿನ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಸಮಾವೇಶದಲ್ಲಿ ಗುಲಾಮಗಿರಿಯ ಪ್ರಶ್ನೆಗೆ ಉತ್ತರದ ಸದಸ್ಯರನ್ನು ಎಬ್ಬಿಸಿಕೊಂಡು ಹೊರನಡೆದು ಪಕ್ಷವನ್ನೇ ಒಡೆದ, ನಿಜ. ಒಡೆಯಲಿಕ್ಕೇ ಸೇರಿದ್ದ ಎಂದು ಅವನ ಪರ ವಾದಿಸುವವರೂ ಇದ್ದಾರೆ. ನನಗೆ ಒಪ್ಪಿಗೆಯಾಗುವುದಿಲ್ಲ. ಏಣಿ ಹತ್ತಿ ಆದಮೇಲೆ ಏಣಿ ಒದ್ದವನನ್ನು ಏಣಿ ಮುರಿಯಲು ಬಂದವನು ಎನ್ನಲಾಗದು. ಕೂಲಿಯವನ ಮಗ ಇನ್ನೊಬ್ಬ ಕೂಲಿಯವನ ಹೊಟ್ಟೆಯ ಮೇಲೆ ಕಾಲಿಟ್ಟು ಹತ್ತಿದ, ಅಷ್ಟೇ.

ಎರಡನೆಯದು ನಿಮ್ಮ ಖಾತೆಗೆ ಸೇರಿದ್ದು, ಷೇರು ವ್ಯವಹಾರ. ಯೂನಿಯನ್ ಪೆಸಿಫಿಕ್ ರೈಲುದಾರಿ ಕಟ್ಟುವ ಗುತ್ತಿಗೆಗೆಂದು ಕ್ರೆಡಿಟ್ ಮೊಬಿಲಿಯೆ ಎಂಬ ಕಂಪನಿ ಮಾಡಿ, ಅದರ ಷೇರುಗಳನ್ನು ಸಂಸದರಿಗೆ ಸಸ್ತಾ ಬೆಲೆಗೆ ಹಂಚಿದ ಹಗರಣ 1872ರಲ್ಲಿ ಹೊರಬಿತ್ತು. ಹಂಚಿದ ಸಂಸದ ಓಕ್ಸ್ ಏಮ್ಸ್ ಕೂಡ ಮ್ಯಾಸಚೂಸೆಟ್ಸ್‌ನವನೇ, ಸಲಿಕೆ ತಯಾರಿಸುವ ಮನೆತನದವನು. ವಿಲ್ಸನ್ ಮೊದಲು ಪತ್ರಿಕೆಗೆ ಕೊಟ್ಟ ಹೇಳಿಕೆ ಓದಿದರೆ ಅವನು ಆ ಷೇರು ಮುಟ್ಟಿಯೇ ಇಲ್ಲ ಅನ್ನಿಸುವಂತಿತ್ತು. ಆಮೇಲೆ ತಿಳಿದದ್ದು: 20 ಷೇರು ಹೆಂಡತಿಯ ಹೆಸರಿನಲ್ಲಿ ಕೊಳ್ಳಲಾಗಿತ್ತು, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಗೆಳೆಯರು ಆಕೆಗೆ ಕೊಟ್ಟ ಉಡುಗೊರೆಯ ದುಡ್ಡಿನಲ್ಲಿ. ಮನಸ್ಸು ಒಪ್ಪದೆ ವಾಪಸು ಮಾಡಿದ್ದ. ವಾಪಸು ಮಾಡಿದ್ದನ್ನು ವಿಚಾರಣಾ ಸಮಿತಿ ಒಪ್ಪಿತು. ಷೇರು ಕೊಂಡದ್ದಕ್ಕಿಂತ ಆ ಜಾಣ ಹೇಳಿಕೆಯೇ ಅವನ ಮರ್ಯಾದೆಗೆ ಹೆಚ್ಚು ಪೆಟ್ಟು ಕೊಟ್ಟಿತು.

ಇನ್ನು ಉಳಿತಾಯ ಖಾತೆ. 1873ರ ಮಾರ್ಚ್‌ನಲ್ಲಿ, ಅಧ್ಯಕ್ಷ ಗ್ರಾಂಟ್‌ನ ಎರಡನೇ ಅವಧಿಗೆ ಉಪಾಧ್ಯಕ್ಷನಾಗಿ ಪ್ರಮಾಣ ಮಾಡುವ ಹೊತ್ತಿಗೆ, ಆ ಸಮಾರಂಭದ ಖರ್ಚಿಗೂ ಕೈಯಲ್ಲಿ ಕಾಸಿರಲಿಲ್ಲ. ಹಿಂದೆ ಪೆಟ್ಟು ತಿಂದಿದ್ದ ಸಮ್ನರನ ಹತ್ತಿರ ಹೋಗಿ 100 ಡಾಲರ್ ಕೈಸಾಲ ಕೇಳಿದ. ಹದಿನೆಂಟು ವರ್ಷ ಸೆನೆಟರ್, ಯುದ್ಧಕಾಲದ ಇಡೀ ಸೇನಾ ಸಮಿತಿ ಕೈಯಲ್ಲಿದ್ದವನು. ನೀವೇ ಲೆಕ್ಕ ಹಾಕಿ.

ಪ್ರಶ್ನೆ (ಹಾಸನದವರದೇ, ಬಾಕಿ ಉಳಿದದ್ದು): ಬಚ್ಚಲಲ್ಲಿ ಸತ್ತದ್ದು?

ಉತ್ತರ: ಉಪಾಧ್ಯಕ್ಷನಾದ ಎರಡೇ ತಿಂಗಳಿಗೆ ಅವನಿಗೆ ಲಕ್ವ ಹೊಡೆದಿತ್ತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಒಬ್ಬನೇ ಮಗ 1866ರಲ್ಲಿ ಸೈನ್ಯದಲ್ಲಿದ್ದಾಗಲೇ ಟೆಕ್ಸಸ್‌ನಲ್ಲಿ ತೀರಿಕೊಂಡಿದ್ದ, ಹೆಂಡತಿ ಹ್ಯಾರಿಯೆಟ್ 1870ರಲ್ಲಿ. ಅಮೆರಿಕದಲ್ಲಿ ಗುಲಾಮರ ಯಜಮಾನರ ಅಧಿಕಾರ ಹೇಗೆ ಬೆಳೆಯಿತು, ಹೇಗೆ ಬಿತ್ತು ಎಂಬ ಮೂರು ಸಂಪುಟದ ಚರಿತ್ರೆ ಬರೆಯುತ್ತಿದ್ದ. ಉಪಾಧ್ಯಕ್ಷನ ಕೆಲಸವಾದ ಸೆನೆಟ್ ಸದನ ನಡೆಸುವುದಕ್ಕಿಂತ ಅದರಲ್ಲೇ ಹೆಚ್ಚು ಹೊತ್ತು. ಮೂರನೆಯ ಸಂಪುಟ ಹೊರಬಂದದ್ದು ಅವನು ಹೋದ ಮೇಲೆ.

ಕ್ಯಾಪಿಟಲ್ ಭವನದ ನೆಲಮಾಳಿಗೆಯಲ್ಲಿ ಸೆನೆಟರುಗಳಿಗೆಂದು ಬಿಸಿನೀರಿನ ಸ್ನಾನದ ಕೋಣೆ ಇತ್ತು, ಇಟಲಿಯಿಂದ ತರಿಸಿದ ಅಮೃತಶಿಲೆಯ ತೊಟ್ಟಿಗಳು. ಆಗಿನ ಬಾಡಿಗೆ ಮನೆಗಳಲ್ಲಿ ನಲ್ಲಿ ನೀರು ಅಪರೂಪ, ಹಾಗಾಗಿ ಗಣ್ಯರೆಲ್ಲ ಅಲ್ಲೇ ಮೀಯುತ್ತಿದ್ದರು. 1875ರ ನವೆಂಬರ್ 10ರಂದು ವಿಲ್ಸನ್ ಅಲ್ಲಿ ಸ್ನಾನ ಮಾಡಿದ, ಅದರ ಬೆನ್ನಿಗೇ ಮತ್ತೆ ಲಕ್ವ. ಎತ್ತಿ ಮಹಡಿಗೆ ತಂದು, ಸದನದ ಪಕ್ಕದ ಉಪಾಧ್ಯಕ್ಷರ ಕೋಣೆಯಲ್ಲೇ ಮಲಗಿಸಿದರು. ನವೆಂಬರ್ 22ರ ಬೆಳಗ್ಗೆ ಅಲ್ಲೇ ಪ್ರಾಣ ಹೋಯಿತು. ಆ ಕೋಣೆಯಲ್ಲಿ ಅವನ ಅಮೃತಶಿಲೆಯ ಮುಖವಿಗ್ರಹ ಇಟ್ಟಿದ್ದಾರೆ. ಮಣ್ಣು ನೇಟಿಕ್‌ನಲ್ಲೇ ಆಯಿತು.

ಆದ್ದರಿಂದ ಅಳಿಯಂದಿರಿಗೆ ಹೇಳಿ: ಬಚ್ಚಲಲ್ಲಿ ಸತ್ತದ್ದಲ್ಲ, ಬಚ್ಚಲಿಂದ ಬಂದಮೇಲೆ ಹನ್ನೆರಡು ದಿನ ಬದುಕಿದ್ದ. ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಮತ್ತೆ ಹೋದರೆ, ದೇವಸ್ಥಾನದ ದಾರಿಯಲ್ಲಿ ಒಂದು ನಿಮಿಷ ಕಾರು ನಿಲ್ಲಿಸಿ, ಆ ಕೋಣೆಯ ಹೊರಗೋಡೆಯನ್ನು ನಿಮ್ಮ ಹೆಜ್ಜೆಯಲ್ಲಿ ಅಳೆದು ಬರೆದು ಕಳಿಸಿ. ನಮ್ಮಪ್ಪನ ಅಂಗಡಿ ನಾಲ್ಕು ಹೆಜ್ಜೆ ಇತ್ತು, ಮಳೆ ಬಂದರೆ ಮೂರು.